ಪ್ರೊಟೆಕ್ಟ್ ದೀಪ ಹತ್ತಿದರೆ ಹೊಸ ಆಂಪ್ಲಿಫೈಯರ್ ಬೇಕೇ?

ಪ್ರಶ್ನೆ: ಕಾರಿನ ನಾಲ್ಕು ಚಾನೆಲ್ ಆಂಪ್ಲಿಫೈಯರ್‌ನಲ್ಲಿ ಮುಂದಿನ ಎರಡಕ್ಕೆ ಬಾಗಿಲಿನ ಸ್ಪೀಕರ್, ಹಿಂದಿನ ಎರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಸೇರಿಸಿ, ಬೇಸ್‌ಗೆಂದೇ ಇರುವ ಸಬ್‌ವೂಫರ್ ಹಾಕಿಸಿದ್ದೇನೆ. ಸಬ್‌ನಲ್ಲಿ 4 ಓಮ್‌ನ ಎರಡು ಕಾಯಿಲ್ ಇವೆ. ಜೋರಾಗಿ ಹಾಕಿಕೊಂಡು ಹೊರಟರೆ ಕೋಲಾರ ಮುಟ್ಟುವಷ್ಟರಲ್ಲಿ ಪ್ರೊಟೆಕ್ಟ್ ದೀಪ ಹತ್ತಿ ಎಲ್ಲ ನಿಂತುಹೋಗುತ್ತದೆ. ಅಂಗಡಿಯವರು ದೊಡ್ಡ ಆಂಪ್ಲಿಫೈಯರ್ ತಗೊಳ್ಳಿ ಅನ್ನುತ್ತಾರೆ. ಫೋಟೊ ಕಳಿಸಿದ್ದೇನೆ.
– ಓದುಗರು, ಶ್ರೀನಿವಾಸಪುರ

ಉತ್ತರ: ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಫೋಟೊದಲ್ಲಿ ಎರಡೂ ಕಾಯಿಲ್‌ಗಳ ಪ್ಲಸ್ ಒಂದು ಕಡೆ, ಮೈನಸ್ ಇನ್ನೊಂದು ಕಡೆ ಸೇರಿವೆ. ಇದು ಪ್ಯಾರಲಲ್, ಒಂದೇ ಕೆರೆಗೆ ಎರಡು ತೂಬು ತೆಗೆದಂತೆ ಕರೆಂಟ್ ಎರಡು ದಾರಿಯಲ್ಲಿ ಹರಿಯುತ್ತದೆ. ಓಮ್ ಎಂದರೆ ಕರೆಂಟ್‌ಗೆ ಇರುವ ತಡೆ; ದಾರಿ ಎರಡಾದ್ದರಿಂದ ಎರಡು 4 ಓಮ್ ಸೇರಿ 2 ಓಮ್ ಆಯಿತು. ಬ್ರಿಡ್ಜ್ ಮಾಡಿದಾಗ ಒಂದೊಂದು ಚಾನೆಲ್‌ಗೆ ಅದರ ಅರ್ಧ, ಅಂದರೆ 1 ಓಮ್ ಬೀಳುತ್ತದೆ. ನಿಮ್ಮ ಆಂಪ್ಲಿಫೈಯರ್ ಮೇಲೆಯೇ 'ಬ್ರಿಡ್ಜ್: ಕನಿಷ್ಠ 4 ಓಮ್' ಎಂದು ಅಚ್ಚಾಗಿದೆ. ಓಮ್ ಇಳಿದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ; ಪಾಪ, ಅದು ಬಿಸಿಯೇರಿ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತಿದೆ.

ಸೀರೀಸ್ ಮಾಡಿ, ಅಂದರೆ ಕಾಯಿಲ್‌ಗಳನ್ನು ಒಂದರ ಹಿಂದೆ ಒಂದು ಸೇರಿಸಿ. ಆಂಪ್ಲಿಫೈಯರ್ ಪ್ಲಸ್ ಮೊದಲ ಕಾಯಿಲ್‌ನ ಪ್ಲಸ್‌ಗೆ, ಅದರ ಮೈನಸ್ ಎರಡನೆಯದರ ಪ್ಲಸ್‌ಗೆ, ಎರಡನೆಯದರ ಮೈನಸ್ ವಾಪಸ್ ಆಂಪ್ಲಿಫೈಯರ್‌ಗೆ. ಈಗ 8 ಓಮ್. ಒಂದೊಂದು ಚಾನೆಲ್‌ಗೆ 4. ಪವರ್ ಇಳಿಯುತ್ತದೆ, ನಿಜ. ಆದರೂ ಎರಡು ಚಾನೆಲ್ 4 ಓಮ್‌ಗೆ ಕೊಡುವಷ್ಟು ಪವರ್ ಸಬ್‌ಗೆ ಸಿಗುತ್ತದೆ, ಕಾರಿನೊಳಗೆ ಅದು ಧಾರಾಳವಾಯಿತು.

ಬಿಗಿಯುವ ಮುಂಚೆ ಸಬ್‌ನ ವೈರ್ ಆಂಪ್ಲಿಫೈಯರ್‌ನಿಂದ ಬಿಚ್ಚಿಕೊಂಡು ಮಲ್ಟಿಮೀಟರ್ ಹಿಡಿಯಿರಿ. ಏಳರ ಆಸುಪಾಸು ತೋರಿಸಿದರೆ ಸರಿ; ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್, ಅದು ಬರೆದ ಓಮ್‌ಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಎರಡಕ್ಕಿಂತ ಕೆಳಗೆ ಬಂದರೆ ಇನ್ನೂ ಪ್ಯಾರಲಲ್‌ನಲ್ಲೇ ಇದೆ. ಆಮೇಲೆ 1.5 ವೋಲ್ಟ್‌ನ ಸೆಲ್ಲನ್ನು ಒಂದೊಂದು ಕಾಯಿಲ್‌ಗೆ ಪ್ಲಸ್‌ಗೆ ಪ್ಲಸ್ ಹಿಡಿದು ಚಕ್ಕನೆ ತಾಗಿಸಿ. ಎರಡರಲ್ಲೂ ಕೋನ್ ಮುಂದಕ್ಕೆ ಜಿಗಿಯಬೇಕು. ಒಂದು ಮುಂದೆ, ಇನ್ನೊಂದು ಹಿಂದೆ ಹೋದರೆ ಎರಡೂ ಕಾಯಿಲ್ ಪರಸ್ಪರ ಎಳೆದಾಡಿ ಬೇಸ್ ಸತ್ತುಹೋಗುತ್ತದೆ.

ಬಾಗಿಲಿನ ಸ್ಪೀಕರ್‌ಗಳು ಹಾಗೇ ಇರಲಿ. ಆದರೆ ಯಾವ ಸ್ಪೀಕರ್‌ನ ಮೈನಸ್ಸನ್ನೂ ಕಾರಿನ ಲೋಹದ ಮೈಗೆ ತಾಗಿಸಬೇಡಿ.

ಇಷ್ಟಾದ ಮೇಲೂ ದೀಪ ಹತ್ತಿದರೆ ಆಂಪ್ಲಿಫೈಯರ್‌ನ ಅರ್ಥ್ ವೈರ್ ನೋಡಿ: ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಬರೀ ಲೋಹಕ್ಕೆ ಬಿಗಿಯಿರಿ. ಸೀಟಿನ ಕೆಳಗೆ ಆಂಪ್ಲಿಫೈಯರ್‌ಗೆ ಕಾರ್ಪೆಟ್ ಸುತ್ತಿದ್ದರೆ, ಗಾಳಿಯಾಡಲು ಅದನ್ನೂ ತೆಗೆದುಬಿಡಿ.