ಹಲಗೆ ಹಿಗ್ಗಲು ಜಾಗ ಬಿಡಿ

ಪ್ರಶ್ನೆ: 1950ರ ದಶಕದ ಷೆವರ್ಲೆ ಪಿಕಪ್ ಒಂದನ್ನು ಮತ್ತೆ ಮೊದಲಿನಂತೆ ಮಾಡುತ್ತಿದ್ದೇನೆ. ಸಾಮಾನು ಹೇರುವ ಭಾಗದ ಹಲಗೆಗಳೆಲ್ಲ ಕೊಳೆತು ಪುಡಿಯಾಗಿವೆ. ಎಂಟು ಓಕ್ ಹಲಗೆ ತಂದಿಟ್ಟಿದ್ದೇನೆ. ಸಂದಿಲ್ಲದಂತೆ ಒತ್ತಿ ಕೂರಿಸಿ ಸ್ಕ್ರೂ ಹೊಡೆದುಬಿಡಲೇ? ಮೇಲೆ ಯಾವ ವಾರ್ನಿಷ್ ಹಚ್ಚಲಿ?

ಉತ್ತರ: ದಯವಿಟ್ಟು ಸ್ಕ್ರೂ ಹೊಡೆಯಬೇಡಿ, ಸಂದಿಲ್ಲದಂತೆ ಕೂರಿಸಲೂ ಬೇಡಿ. ನನ್ನ ಮೊದಲ ಗಾಡಿಗೆ ನಾನು ಮಾಡಿದ್ದು ಅದನ್ನೇ. ಒಣ ಹವೆಯಲ್ಲಿ, ನಡುವೆ ಕಾಗದವೂ ತೂರದಷ್ಟು ಬಿಗಿಯಾಗಿ ಜೋಡಿಸಿದೆ. ಮಳೆ ಹಿಡಿದ ಎರಡನೇ ತಿಂಗಳಿಗೆ ನಡುವಿನ ಎರಡು ಹಲಗೆ ಡುಬ್ಬದಂತೆ ಮೇಲೆದ್ದವು. ಸ್ಕ್ರೂ ತಲೆಗಳು ಮರದೊಳಗೆ ಹೂತುಹೋಗಿ, ಒಂದು ಹಲಗೆ ಉದ್ದಕ್ಕೂ ಸೀಳಿಬಿಟ್ಟಿತ್ತು.

ತೇವ ಹೀರಿದ ಹಲಗೆ ಉದ್ದಕ್ಕೆ ಹಿಗ್ಗುವುದೇ ಇಲ್ಲ ಎನ್ನಬಹುದು, ಹಿಗ್ಗುವುದೆಲ್ಲ ಅಗಲಕ್ಕೇ. ತೇವಾಂಶ ಶೇ. 8ರಿಂದ 12ಕ್ಕೆ ಏರಿದರೆ, 150 ಮಿ.ಮೀ. ಅಗಲದ ಓಕ್ ಹಲಗೆ 2 ಮಿ.ಮೀ.ಗಿಂತ ತುಸು ಹೆಚ್ಚೇ ಉಬ್ಬುತ್ತದೆ. ಎಂಟು ಹಲಗೆಗೆ ಲೆಕ್ಕ ಹಾಕಿ ನೋಡಿ, ಸುಮಾರು 17 ಮಿ.ಮೀ.! ಅದು ಎಲ್ಲಿಗೆ ಹೋಗಬೇಕು?

ಈ ಗಾಡಿಗಳನ್ನು ಕಟ್ಟಿದವರು ಅದನ್ನು ಯೋಚಿಸಿಯೇ ಇದ್ದರು. ಹಲಗೆಯ ಎರಡೂ ಅಂಚನ್ನು ಮೆಟ್ಟಿಲಿನಂತೆ ತಗ್ಗಿಸಿ, ಆ ತಗ್ಗಿನ ಮೇಲೆ ಲೋಹದ ಉದ್ದ ಪಟ್ಟಿ ಕೂರಿಸುತ್ತಾರೆ. ಬೋಲ್ಟ್ ಪಟ್ಟಿಯ ಚೌಕ ತೂತಿನಿಂದ ಇಳಿದು, ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಹಾದು, ಅಡಿಯ ಅಡ್ಡಪಟ್ಟಿಗೆ ಸೇರುತ್ತದೆ. ಮರಕ್ಕೆ ತೂತೇ ಬೀಳುವುದಿಲ್ಲ. ಪಟ್ಟಿ ಮೇಲಿಂದ ಒತ್ತಿ ಹಿಡಿದಿರುತ್ತದೆ, ಹಲಗೆ ಅದರಡಿ ಅತ್ತಿತ್ತ ಜಾರಿಕೊಳ್ಳುತ್ತದೆ. ಹಲಗೆ ಒಣಗಿದ್ದರೆ ಬೋಲ್ಟ್‌ನ ದಪ್ಪಕ್ಕಿಂತ 3 ಮಿ.ಮೀ. ಹೆಚ್ಚು ಸಂದು ಬಿಡಿ. ಪಟ್ಟಿ ಮುಚ್ಚುವುದರಿಂದ ಯಾರ ಕಣ್ಣಿಗೂ ಬೀಳದು.

ನಿಮ್ಮದು ಯಾವ ಓಕ್ ಎಂದು ಬರೆದಿಲ್ಲ. ಹಲಗೆಯ ತುದಿಯಿಂದ ಬೆರಳುದ್ದದ ತುಂಡು ಕೊಯ್ದು, ಒಂದು ಕೊನೆಯನ್ನು ನೀರಲ್ಲಿ ಮುಳುಗಿಸಿ ಇನ್ನೊಂದರಿಂದ ಊದಿ. ಗುಳ್ಳೆ ಬಂದರೆ ಕೆಂಪು ಓಕ್: ಅದರ ನಾಳಗಳು ತೆರೆದೇ ಇರುತ್ತವೆ, ನೀರು ಹೀರುತ್ತದೆ. ಬಿಳಿ ಓಕ್‌ನಲ್ಲಿ ಆ ನಾಳಗಳು ಒಳಗೇ ಮುಚ್ಚಿಕೊಂಡಿರುತ್ತವೆ. ಬಯಲಲ್ಲಿ ನಿಲ್ಲುವ ಗಾಡಿಗೆ ನಾನಂತೂ ಬಿಳಿಯದನ್ನೇ ಆರಿಸುತ್ತೇನೆ. ಆದರೆ ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇರುವುದರಿಂದ ಬರಿಯ ಕಬ್ಬಿಣ ಮತ್ತು ನೀರು ಸೇರಿದರೆ ಮಸಿ ಚೆಲ್ಲಿದಂತೆ ಕಪ್ಪು ಕಲೆ ಬೀಳುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಪಟ್ಟಿಯ ಅಡಿಭಾಗಕ್ಕೂ ಮೊದಲೇ ಬಣ್ಣ ಕೊಡಿ.

ವಾರ್ನಿಷ್ ವಿಷಯಕ್ಕೆ ಬಂದರೆ, ದೋಣಿಗಳಿಗೆ ಹಚ್ಚುವ, ಬಿಸಿಲಿನ ಯು.ವಿ. ಕಿರಣ ತಡೆಯುವ ಸ್ಪಾರ್ ವಾರ್ನಿಷ್ ತನ್ನಿ. ಮೊದಲ ಕೋಟನ್ನು ತೆಳುಮಾಡಿ ಮರಕ್ಕೆ ಇಂಗಲು ಬಿಡಿ. ಜೋಡಿಸುವ ಮುನ್ನವೇ ಹಚ್ಚಬೇಕು, ಆರೂ ಮುಖಕ್ಕೆ. ಕೊಯ್ದ ತುದಿಗಳಿಗೆ ಒಂದೆರಡು ಕೋಟ್ ಹೆಚ್ಚಿರಲಿ, ನೀರು ಅತಿ ಬೇಗ ಒಳಹೋಗುವುದು ಅಲ್ಲಿಂದಲೇ. ಸೀಳಿದ ನನ್ನ ಹಲಗೆಯನ್ನು ಕಳಚಿ ಮಗುಚಿದಾಗ ಮೇಲ್ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಅಡಿಗೆ ನಾನು ಒಂದು ಹನಿಯೂ ಹಚ್ಚಿರಲಿಲ್ಲ.