ಫ್ಯಾನ್ ಆರಿಸಿದ ರಾತ್ರಿ

ಜೂನ್‌ನಲ್ಲಿ ಈ ದೇಶಕ್ಕೆ ಬಂದೆ, ಮೇಲ್ಮಹಡಿಯ ಕೋಣೆಯ ಧಗೆಯಲ್ಲಿ ಮೂರು ತಿಂಗಳು ಬೆಂದುಹೋದೆ, ಈಗ ಕೆಲಸದ ಕಡೆ ಎಲ್ಲರೂ ಎಲೆ ಉದುರುವ ಕಾಲ ಬಂತೆಂದು ಖುಷಿಯಲ್ಲಿದ್ದಾರೆ, ನನಗೆ ಮಾತ್ರ ಮುಂದಿನ ಚಳಿಯದೇ ಯೋಚನೆ, ಏನೇನು ತಯಾರಿ ಬೇಕು ಹೇಳಿ ಎಂದು ಕೇಳಿದ್ದೀರಿ. ತಯಾರಿಯ ಮಾತು ಆಮೇಲೆ. ಮೊದಲು ನೀವೂ ಖುಷಿಪಡಿ. ಅಂಥ ಬೇಸಿಗೆ ಕಳೆದವರಿಗೆ ಈ ತಂಪು ಸಲ್ಲಬೇಕಾದದ್ದೇ.

ನಾನು ದೇಶ ಬಿಟ್ಟು ಬಂದು 19 ವರ್ಷವಾಯಿತು. ಕಳೆದ ವಾರ ನಡುರಾತ್ರಿ ಎಚ್ಚರವಾದಾಗ ಕೈ ತಾನಾಗಿ ಕಾಲಬುಡದ ಹೊದಿಕೆಗೆ ತಡಕಾಡುತ್ತಿತ್ತು. ಎದ್ದು ಫ್ಯಾನ್ ಆರಿಸಿದೆ. ತಿಂಗಳುಗಟ್ಟಲೆ ಕಿವಿಯಲ್ಲಿ ಕೂತಿದ್ದ ಸದ್ದು ನಿಂತ ಮೇಲೆ ಕಿಟಕಿಯಾಚೆಯ ಮರ ಕೇಳಿಸಿತು. ಬೇಸಿಗೆಯ ಎಲೆ ಮೆತ್ತಗೆ ಅಲುಗುತ್ತದೆ. ಈಗ ಗಾಳಿ ಬಿದ್ದರೆ ಕಾಗದ ಸರಿಸಿದ ಹಾಗೆ ಸರಸರ ಎನ್ನುತ್ತದೆ. ನನ್ನ ಪಾಲಿಗೆ ಋತು ಬದಲಾಗುವುದು ಆ ರಾತ್ರಿಯೇ.

ನಿಮ್ಮನ್ನು ಕಾಡಬಹುದಾದದ್ದು ಚಳಿಗಿಂತ ಹೆಚ್ಚಾಗಿ ಬೆಳಕು. ನಾವು ವರ್ಷವಿಡೀ ಹಗಲು ಹೆಚ್ಚು ಏರುಪೇರಾಗದ ನೆಲದಲ್ಲಿ ಬೆಳೆದವರು. ಸೆಪ್ಟೆಂಬರ್ 22 ಅಥವಾ 23ಕ್ಕೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ಹಗಲು ಅತಿ ವೇಗವಾಗಿ ಕುಗ್ಗುವುದೂ ಆ ದಿನಗಳಲ್ಲೇ. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ದಿನಕ್ಕೆ ಸುಮಾರು 3 ನಿಮಿಷ, ವಾರಕ್ಕೆ 20 ನಿಮಿಷದ ಮೇಲೆ ಹೋಗಿಬಿಡುತ್ತದೆ. ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಸುಮ್ಮಸುಮ್ಮನೆ ನಿದ್ದೆ, ಯಾರೊಡನೆಯೂ ಮಾತು ಬೇಡ. ಮನೆಯ ನೆನಪು ಎಂದುಕೊಂಡೆ. ಬೆಳಕು ಕಡಿಮೆಯಾದಾಗ ಕೆಲವರಿಗೆ ಮನಸ್ಸು ಹೀಗೆ ಕುಗ್ಗುವುದನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಒಂದು ಕಾಯಿಲೆಯಾಗಿಯೇ ಗುರುತಿಸಿದ್ದರು ಎಂದು ತಿಳಿದದ್ದು ಎಷ್ಟೋ ಆಮೇಲೆ. ಅದಕ್ಕೇ ಹೇಳುತ್ತೇನೆ, ಸಂಜೆಯ ವಾಕಿಂಗ್ ನಂಬಿಕೊಳ್ಳಬೇಡಿ. ಬೆಳಿಗ್ಗೆಯೋ ಊಟದ ಬಿಡುವಿನಲ್ಲೋ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡವಿದ್ದರೂ ಸರಿ. ಮಂಕು ಎರಡು ವಾರ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ, ಸಂಕೋಚ ಬೇಡ.

ನಡೆಯುವಾಗ ಒಂದು ಎಲೆ ಎತ್ತಿ ನೋಡಿ. ಎಷ್ಟೋ ಎಲೆಗಳಲ್ಲಿ ಅಂಚು ಹಳದಿಯಾಗಿರುತ್ತದೆ, ನರಗಳ ಪಕ್ಕ ಮಾತ್ರ ಹಸಿರು ಇನ್ನೂ ಗೆರೆಗೆರೆಯಾಗಿ ಉಳಿದಿರುತ್ತದೆ. ಆ ಹಳದಿ ಹೊಸದಲ್ಲ. ಬೇಸಿಗೆಯಿಡೀ ಎಲೆಯೊಳಗೇ ಇತ್ತು, ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಕರಗಿದ ಮೇಲೆ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಕೆಂಪು ಹಾಗಲ್ಲ, ಮರ ಅದನ್ನು ಈಗ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ತಂಪು ಇದ್ದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ. ತೊಟ್ಟಿನ ತುದಿಯನ್ನು ಬೆರಳಲ್ಲಿ ಸವರಿ, ಹರಿದ ಗುರುತಿರುವುದಿಲ್ಲ. ಎಲೆ ಬೀಳುವ ಮೊದಲೇ ಮರ ಅಲ್ಲಿ ಒಂದು ಪದರ ಕಟ್ಟಿ ಗಾಯ ಮುಚ್ಚಿಕೊಂಡಿರುತ್ತದೆ. ಇದನ್ನು ಮೊದಲ ಸಲ ತಿಳಿದ ದಿನ ನಾನು ಆ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದಿದ್ದೆ.

ಇನ್ನು ತಯಾರಿ. ದಪ್ಪ ಕೋಟಿಗೆ ಅವಸರವಿಲ್ಲ. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಹಾಗಾಗಿ ತೆಳುವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿಕೊಳ್ಳಿ. ಹೀಟರನ್ನು ಬೇಕಾಗುವ ಮೊದಲೇ ಒಂದು ದಿನ ಹಚ್ಚಿ ನೋಡಿ, ಹೊಗೆಯ ಅಲಾರಂನ ಬ್ಯಾಟರಿಯನ್ನೂ. ಒದ್ದೆ ಎಲೆಯ ಮೇಲೆ ಕಾಲು ಜಾರುತ್ತದೆ, ಇಳಿಜಾರಿನಲ್ಲಿ ನಿಧಾನ.

ಬಣ್ಣ ನೋಡಲು ಮಾತ್ರ ಮುಂದಿನ ರಜೆ, ಅದರ ಮುಂದಿನ ರಜೆ ಎಂದು ತಳ್ಳಬೇಡಿ. ಒಂದು ರಾತ್ರಿ ಗಾಳಿಮಳೆ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಮರ ಬರಿದಾಗಿರುತ್ತದೆ. ಈ ಶನಿವಾರ ಬಿಸಿಲಿದ್ದರೆ ಹೊರಟುಬಿಡಿ.