ಪುರಸಭೆಗೆ ಬೀದಿದೀಪ ಸಪ್ಲೈ ಮಾಡಬೇಕು, ಟೆಂಡರ್ ಹಾಕುವುದು ಹೇಗೆ?

ಕರ್ನಾಟಕದಲ್ಲಾದರೆ ಮೊದಲು ರಾಜ್ಯ ಸರ್ಕಾರದ ಖರೀದಿ ನಡೆಯುವ ಕೆಪಿಪಿಪಿ ಪೋರ್ಟಲ್‌ನಲ್ಲಿ ಅಂಗಡಿ ಹೆಸರು ನೋಂದಾಯಿಸಿ. ಪ್ಯಾನ್, ಜಿಎಸ್‌ಟಿ, ಡಿಜಿಟಲ್ ಸಹಿ ಬೇಕೇ ಬೇಕು. ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ, ಹಾಗಾಗಿ ಯಾರದೋ ಪರಿಚಯ ಹಿಡಿದು ಸುಮ್ನೆ ಓಡಾಡುವ ಬದಲು ಟೆಂಡರ್ ದಾಖಲೆಯನ್ನು ಕೂತು ಎರಡು ಸಲ ಪೂರ್ತಿ ಓದಿ. ಸಾಮಾನ್ಯವಾಗಿ ಎರಡು ಲಕೋಟೆ ಇರುತ್ತವೆ: ಅರ್ಹತೆಯ ದಾಖಲೆಗಳಿರುವ ತಾಂತ್ರಿಕ ಲಕೋಟೆ, ಇನ್ನೊಂದು ದರದ್ದು. ತಾಂತ್ರಿಕ ಲಕೋಟೆಯಲ್ಲಿ ಪಾಸಾದರೆ ಮಾತ್ರ ದರದ್ದನ್ನು ತೆರೆಯುತ್ತಾರೆ. ನನ್ನ ಮೊದಲ ಟೆಂಡರ್ ಬಿದ್ದುಹೋಗಿದ್ದು ಅಲ್ಲೇ: ಟರ್ನೋವರ್‌ಗೆ ಸಿಎ ಸಹಿ ಮಾಡಿಕೊಟ್ಟ ಒಂದು ಹಾಳೆ ಅಪ್‌ಲೋಡ್ ಆಗಿರಲಿಲ್ಲ, ರಾತ್ರಿಯೆಲ್ಲ ಲೆಕ್ಕ ಹಾಕಿ ಬರೆದ ದರವನ್ನು ಯಾರೂ ನೋಡಲೇ ಇಲ್ಲ. ಇಎಂಡಿ, ಅಂದರೆ ಟೆಂಡರ್ ಜೊತೆ ಕಟ್ಟುವ ಠೇವಣಿ ಹಣವನ್ನು ಕೊನೆ ದಿನಕ್ಕೆ ಬಿಡಬೇಡಿ. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿಯಬಹುದು, ಅಷ್ಟು ದಿನ ಕೈಯಿಂದ ದುಡ್ಡು ಹಾಕುವ ಶಕ್ತಿ ಇದೆಯಾ ನೋಡಿಕೊಂಡೇ ದರ ಹಾಕಿ.